ವೀರ್ಯ ಪರೀಕ್ಷೆ ಎಲ್ಲಿ ಮಾಡಿಸುವುದು? ಕಾಸರಗೋಡಿನ ಕಡೆಯವರಿಗೊಂದು ಹೋಲಿಕೆ

ಮದುವೆಯಾಗಿ ವರ್ಷ ಎರಡು ಕಳೆದರೂ ಮಕ್ಕಳಾಗದಿದ್ದರೆ ನಮ್ಮ ಕಡೆ ಮೊದಲು ಆಸ್ಪತ್ರೆಗೆ ಹೊರಡುವವಳು ಹೆಂಡತಿ. ಸ್ಕ್ಯಾನಿಂಗ್, ಥೈರಾಯ್ಡ್, ಹಾರ್ಮೋನು, ಗರ್ಭನಾಳಕ್ಕೆ ದ್ರವ ಹಾಯಿಸಿ ತೆಗೆಯುವ ಎಕ್ಸ್-ರೇ, ಕೆಲವೊಮ್ಮೆ ಲ್ಯಾಪರೊಸ್ಕೋಪಿ. ಇಷ್ಟೆಲ್ಲ ಮುಗಿದ ಮೇಲೆ ಯಾರೋ ಒಬ್ಬ ವೈದ್ಯರು ಫೈಲು ತಿರುಗಿಸಿ, ಗಂಡನ ಸೆಮೆನ್ ಟೆಸ್ಟ್ ಎಲ್ಲಿ ಎಂದು ಕೇಳುತ್ತಾರೆ. ಮಾಡಿಸಿಯೇ ಇರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡಿನ ಪಾಲೂ ಇರುತ್ತದೆ. ಐದರಲ್ಲಿ ಒಂದು ಜೋಡಿಯಲ್ಲಿ ಕಾರಣ ಗಂಡಿನದು ಮಾತ್ರ. ಸೂಜಿ ಇಲ್ಲ, ನೋವಿಲ್ಲ, ಹೆಚ್ಚಿನ ಲ್ಯಾಬುಗಳಲ್ಲಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಪರೀಕ್ಷೆ ಇದು. ಇದನ್ನು ಕೊನೆಗೆ ಇಟ್ಟುಕೊಂಡು ಹೆಂಗಸನ್ನು ಮೊದಲು ಆಪರೇಷನ್ ಥಿಯೇಟರಿಗೆ ಕಳಿಸುವುದು ನನ್ನ ಪ್ರಕಾರ ಅನ್ಯಾಯ, ದುಡ್ಡಿನ ಲೆಕ್ಕದಲ್ಲೂ ಮೂರ್ಖತನ.

ಹಾಗೂ ಹೀಗೂ ಒಪ್ಪಿದ ಗಂಡಸರು ನನ್ನಲ್ಲಿ ಕೇಳುವುದು ಒಂದೇ ಬಗೆಯ ಪ್ರಶ್ನೆ. ಉಪ್ಪಳದ ಲ್ಯಾಬಿನಲ್ಲೇ ಮಾಡಿಸಿದರೆ ಸಾಕೇ? ಮಂಗಳೂರಿಗೇ ಹೋಗಬೇಕೇ? ಆನ್‌ಲೈನಿನಲ್ಲಿ ಕಿಟ್ ಸಿಗುತ್ತದಂತೆ, ಅದು ಆದೀತೇ? ಹೇಗೂ ಹೋಗುವುದಾದರೆ ನೇರ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡುವ ಚಿಕಿತ್ಸೆ) ಕೇಂದ್ರಕ್ಕೇ ಹೋಗಬಾರದೇ? ನಾನು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಬದುಕಿದವನು, ವೈದ್ಯನಲ್ಲ. ಆದ್ದರಿಂದ ಮದ್ದು ಹೇಳುವುದಿಲ್ಲ. ಪರೀಕ್ಷೆಯನ್ನು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಎಂಬುದನ್ನಷ್ಟೇ ಹೇಳುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ: ಏನಾದರೂ ತೊಂದರೆ ಇದೆಯೇ ಎಂದು ನೋಡುವ ಮೊದಲ ಪರೀಕ್ಷೆ ಮನೆಗೆ ಹತ್ತಿರದಲ್ಲೇ ಆಗಬಹುದು. ಚಿಕಿತ್ಸೆಯನ್ನು ತೀರ್ಮಾನಿಸುವ ಪರೀಕ್ಷೆ ಮಾತ್ರ ಸರಿಯಾಗಿ ಎಣಿಸಲು ಗೊತ್ತಿರುವಲ್ಲೇ ಆಗಬೇಕು. ಈ ಎರಡರ ನಡುವೆ, ಕಾಗದ ನೋಡುವ ವೈದ್ಯರಲ್ಲ, ಗಂಡಸನ್ನು ನಿಲ್ಲಿಸಿಯೂ ಮಲಗಿಸಿಯೂ ಕೈಯಿಂದ ಮುಟ್ಟಿ ನೋಡುವ ವೈದ್ಯರು ಬೇಕು.

ಯಾವುದನ್ನು ಅಳೆಯಬೇಕು

ಜಾಗ ಆರಿಸುವ ಮೊದಲು ಯಾವ ಅಳತೆಯಿಂದ ಆರಿಸುವುದು ಎಂಬುದು ಗೊತ್ತಿರಬೇಕು. ದರಪಟ್ಟಿ ನೋಡಿ ಆರಿಸುವವರೇ ಹೆಚ್ಚು. ಆದರೆ ಇಲ್ಲಿ ದರ ಎಲ್ಲಕ್ಕಿಂತ ಕೊನೆಯ ವಿಷಯ.

ಮೊದಲನೆಯದು ಸಮಯ. ವೀರ್ಯ ಹೊರಬಂದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ನೀರಾಗುತ್ತದೆ. ಆಮೇಲೆ ತಡಮಾಡದೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ, ಅದು ಸೂಕ್ಷ್ಮದರ್ಶಕದ ಕೆಳಗೆ ಇರಬೇಕು. ಹೊತ್ತು ಹೋದಷ್ಟೂ ಚಲನೆ ಕಡಿಮೆಯಾಗುತ್ತದೆ. ಮನೆಯಲ್ಲಿ ಸಂಗ್ರಹಿಸಿ ಒಯ್ಯುವುದಾದರೆ ಡಬ್ಬಿಯನ್ನು ಮೈಗೆ ತಾಗಿಸಿ ಅಂಗಿಯೊಳಗೆ ಇಟ್ಟುಕೊಳ್ಳಬೇಕು. ಐಸ್ ಹಾಕಬಾರದು, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೇಯಿಸಲೂಬಾರದು. ಮುಳ್ಳೇರಿಯಾದಿಂದಲೋ ಆದೂರಿನಿಂದಲೋ ಹೊರಟು ಬಸ್ಸು ಬದಲಾಯಿಸಿ, ತಲಪಾಡಿ ದಾಟಿ, ಮಂಗಳೂರು ಮುಟ್ಟುವಷ್ಟರಲ್ಲಿ ಆ ಗಂಟೆ ಎಂದೋ ಮುಗಿದಿರುತ್ತದೆ. ಅಂಥವರು ಲ್ಯಾಬಿನಲ್ಲೇ ಸಂಗ್ರಹಿಸಬೇಕು. ಹಾಗಾದರೆ ಅಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇದೆಯೇ ಎಂಬುದೂ ನಿಮ್ಮ ಆಯ್ಕೆಯ ಭಾಗವೇ. ಎಷ್ಟೋ ಸಣ್ಣ ಲ್ಯಾಬುಗಳಲ್ಲಿ ಮೂತ್ರದ ಸ್ಯಾಂಪಲ್ ಕೊಡುವ ಅದೇ ಶೌಚಾಲಯ, ಒಂದು ಬಕೆಟ್, ಹೊರಗಿನಿಂದ ಎರಡು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುವ ಸದ್ದು. ಅಂಥಲ್ಲಿ ಅವಸರದಲ್ಲಿ ಕೊಟ್ಟ ಅರ್ಧ ಸ್ಯಾಂಪಲಿನ ವರದಿ ಹಿಡಿದು ತಿಂಗಳುಗಟ್ಟಲೆ ಕೊರಗುವವರನ್ನು ನೋಡಿದ್ದೇನೆ. ವೀರ್ಯಾಣುಗಳು ಹೆಚ್ಚಾಗಿ ಇರುವುದು ಮೊದಲ ಭಾಗದಲ್ಲಿ. ಅದು ಚೆಲ್ಲಿಹೋದರೆ ನಾಚಿಕೆ ಬಿಟ್ಟು ಹೇಳಿಬಿಡಿ, ಇನ್ನೊಂದು ದಿನ ಕೊಟ್ಟರಾಯಿತು.

ಎರಡನೆಯದು ಎಣಿಕೆ. ಅಡಿಕೆ ವ್ಯಾಪಾರಿ ಗೋಣಿಯಿಂದ ಒಂದು ಮುಷ್ಟಿ ತೆಗೆದು ನೋಡಿ ಇಡೀ ಗೋಣಿಗೆ ದರ ಹೇಳುತ್ತಾನಲ್ಲ, ಲ್ಯಾಬಿನ ಕೆಲಸವೂ ಅಂಥದ್ದೇ. ಮುಷ್ಟಿ ಸಣ್ಣದಾದರೆ ದರ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವ ಕ್ರಮದಲ್ಲಿ ಒಂದೇ ಸ್ಯಾಂಪಲನ್ನು ಎರಡು ಸಲ ತೆಗೆದು, ಪ್ರತಿ ಸಲವೂ ಕನಿಷ್ಠ 200 ವೀರ್ಯಾಣುಗಳನ್ನು ಎಣಿಸಿ, ಎರಡೂ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಗಾಜಿನ ತಟ್ಟೆಯ ಮೇಲೊಂದು ಹನಿ ಇಟ್ಟು ಕಣ್ಣಂದಾಜಿನಲ್ಲಿ ಬರೆದ ಸಂಖ್ಯೆಗೂ ಇದಕ್ಕೂ ಅಜಗಜಾಂತರ.

ಮೂರನೆಯದು, ಗುಟ್ಟು. ಹೇಳಿಕೊಳ್ಳಲು ಸಣ್ಣ ವಿಷಯ ಎನಿಸಬಹುದು. ಆದರೆ ಕುಂಬಳೆಯ ಲ್ಯಾಬಿನಲ್ಲಿ ರಶೀದಿ ಬರೆಯುವ ಹುಡುಗ ನಿಮ್ಮ ಚಿಕ್ಕಮ್ಮನ ಮಗನ ಜೊತೆ ಓದಿದವನಾಗಿದ್ದರೆ ನೀವು ಅಲ್ಲಿಗೆ ಹೋಗುವುದೇ ಇಲ್ಲ. ಮಾಡಿಸದೇ ಉಳಿದ ಪರೀಕ್ಷೆಗಿಂತ ಐವತ್ತು ಕಿಲೋಮೀಟರ್ ಆಚೆ ಮಾಡಿಸಿದ ಪರೀಕ್ಷೆ ಮೇಲು.

ನಾಲ್ಕನೆಯದು, ಒಟ್ಟು ಖರ್ಚು. ಒಂದು ಪರೀಕ್ಷೆಯದ್ದಲ್ಲ, ಎರಡರದ್ದು. ಮೊದಲ ವರದಿ ಸರಿಯಿಲ್ಲದಿದ್ದರೆ ಕನಿಷ್ಠ ಒಂದು ತಿಂಗಳ ಅಂತರದಲ್ಲಿ ಇನ್ನೊಂದು ಬೇಕೇ ಬೇಕು, ಏಕೆಂದರೆ ಒಬ್ಬನೇ ಮನುಷ್ಯನ ಸಂಖ್ಯೆ ವಾರದಿಂದ ವಾರಕ್ಕೆ ಬಹಳ ಏರಿಳಿಯುತ್ತದೆ. ಅದಕ್ಕೆ ಹೋಗಿಬರುವ ರೈಲು, ಆಟೋ, ಕಳೆದುಕೊಳ್ಳುವ ಕೂಲಿ ಅಥವಾ ರಜೆ ಇವನ್ನೆಲ್ಲ ಸೇರಿಸಿ.

ವರದಿಯ ಹಾಳೆಯೇ ಲ್ಯಾಬಿನ ಜಾತಕ

ಯಾವ ಲ್ಯಾಬ್ ಹೇಗೆ ಎಂದು ತಿಳಿಯಲು ಅವರು ಹಿಂದೆ ಕೊಟ್ಟ ಒಂದು ವರದಿ ಸಿಕ್ಕರೆ ಸಾಕು. ಸ್ನೇಹಿತರದ್ದು ಇದ್ದರೆ ಹೆಸರು ಮುಚ್ಚಿ ತೋರಿಸಲು ಹೇಳಿ.

ಮೇಲ್ಭಾಗದಲ್ಲಿ ಎಷ್ಟು ದಿನದ ಅಂತರದ ಮೇಲೆ ಕೊಟ್ಟದ್ದು, ಎಷ್ಟು ಗಂಟೆಗೆ ಸಂಗ್ರಹಿಸಿದ್ದು, ಎಷ್ಟು ಗಂಟೆಗೆ ನೋಡಿದ್ದು ಎಂದು ಬರೆದಿರಬೇಕು. ಈ ಮೂರೂ ಇಲ್ಲದ ವರದಿಯ ಉಳಿದ ಅಂಕಿಗಳಿಗೆ ತಳಹದಿಯೇ ಇಲ್ಲ. ಅಂತರ ಎಂದರೆ ಹಿಂದಿನ ಸ್ಖಲನದಿಂದ ಎಣಿಸಿದ ದಿನಗಳು. ಅದು 2ರಿಂದ 7ರ ನಡುವೆ ಇರಬೇಕು, ಎರಡನೆಯ ಸಲವೂ ಅಷ್ಟೇ ದಿನ ಇಟ್ಟುಕೊಂಡರೆ ಹೋಲಿಸಲು ಸುಲಭ.

ಆಮೇಲೆ ಚಲನೆಯ ಸಾಲು. ಮುಂದಕ್ಕೆ ಸಾಗುವವು, ನಿಂತಲ್ಲೇ ಅಲುಗಾಡುವವು, ಅಲುಗಾಡದವು ಎಂದು ಮೂರು ಪಾಲು ಇದ್ದರೆ ಸರಿ. ನಮ್ಮ ಪೇಟೆಗಳ ಎಷ್ಟೋ ವರದಿಗಳಲ್ಲಿ ಈಗಲೂ 'ಆ್ಯಕ್ಟಿವ್ 50, ಸ್ಲಗ್ಗಿಶ್ 20, ಡೆಡ್ 30' ಎಂದು ಇರುತ್ತದೆ. ಅಲುಗಾಡದ್ದೆಲ್ಲ ಸತ್ತದ್ದಲ್ಲ. ಸತ್ತಿದೆಯೇ ಎಂದು ಹೇಳಲು ಬೇರೆ ಬಣ್ಣ ಹಾಕಿ ನೋಡಬೇಕು. ಆ ಬಣ್ಣ ಹಾಕದೆ 'ಡೆಡ್' ಎಂದು ಬರೆದ ವರದಿ ನೋಡಿ ಕಂಗೆಟ್ಟವರಿಗೆ ಲೆಕ್ಕವಿಲ್ಲ.

ನನಗೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಆಕಾರದ ಸಾಲು. ಈಗಿನ ಕಟ್ಟುನಿಟ್ಟಿನ ಕ್ರಮದಲ್ಲಿ ನೂರಕ್ಕೆ 4 ಸರಿಯಾದ ಆಕಾರದವು ಇದ್ದರೂ ಸಾಕು. ವರದಿಯಲ್ಲಿ 'ನಾರ್ಮಲ್ 80%' ಎಂದಿದ್ದರೆ ನಿಮಗೆ ಸಂತೋಷವಾಗಬಹುದು. ನನಗೆ ಅನಿಸುವುದು, ಈ ಲ್ಯಾಬಿನವರು ಆ ಕ್ರಮದಲ್ಲಿ ನೋಡಿಯೇ ಇಲ್ಲ. ಅದೇ ರೀತಿ 'ಪಸ್ ಸೆಲ್ಸ್ 8-10' ಎಂಬ ಸಾಲು. ಉರುಟಾಗಿ ಕಂಡದ್ದೆಲ್ಲ ಕೀವಿನ ಕಣವಲ್ಲ, ಇನ್ನೂ ಬಲಿಯದ ವೀರ್ಯಾಣುಗಳೂ ಹಾಗೆಯೇ ಕಾಣುತ್ತವೆ. ಅವನ್ನು ಬೇರ್ಪಡಿಸಿ ತಿಳಿಯಲು ವಿಶೇಷ ಬಣ್ಣ ಬೇಕು. ಅದನ್ನು ಮಾಡದೆ ಆ ಒಂದು ಸಾಲಿನ ಮೇಲೆ ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ತಿಂದವರು ನಮ್ಮಲ್ಲಿ ಸಾಕಷ್ಟಿದ್ದಾರೆ.

ಕೊನೆಗೆ ಬಲಬದಿಯ ಉಲ್ಲೇಖ ಸಂಖ್ಯೆಗಳು, ಅಂದರೆ ಇದಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುವ ಗೆರೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ 2021ರ ಆರನೆಯ ಆವೃತ್ತಿಯ ಪ್ರಕಾರ ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 16 ಮಿಲಿಯನ್ (ಅಂದರೆ 1 ಕೋಟಿ 60 ಲಕ್ಷ), ಒಟ್ಟು 39 ಮಿಲಿಯನ್, ಒಟ್ಟು ಚಲನೆ ನೂರಕ್ಕೆ 42, ಮುಂದಕ್ಕೆ ಸಾಗುವವು 30, ಆಕಾರ 4. 2010ರ ಆವೃತ್ತಿಯಲ್ಲಿ ಇವು 1.5 ಮಿ.ಲೀ., 15 ಮಿಲಿಯನ್, 39, 40, 32, 4. ಯಾವುದನ್ನು ಬಳಸಿದರೂ ದೊಡ್ಡ ವ್ಯತ್ಯಾಸವಿಲ್ಲ. ಇನ್ನೂ 'ಕೌಂಟ್ 60ರಿಂದ 120 ಮಿಲಿಯನ್ ಇರಬೇಕು' ಎಂದು ಮುದ್ರಿಸುವ ಲ್ಯಾಬ್ ಇದ್ದರೆ ಅದರ ಕಾಗದ ಬಹಳ ಹಳೆಯದು.

ಈ ಗೆರೆ ಪಾಸು-ಫೇಲಿನದ್ದಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನೇ ಪರೀಕ್ಷಿಸಿ, ಅವರಲ್ಲಿ ಅತಿ ಕೆಳಗಿನ ನೂರಕ್ಕೆ ಐದು ಮಂದಿಯನ್ನು ಬಿಟ್ಟು ಎಳೆದ ಗೆರೆ ಅದು. ಹಾಗೆಂದರೆ ಗೆರೆಯ ಕೆಳಗಿನ ಆ ಐದು ಮಂದಿಯೂ ಅಪ್ಪಂದಿರೇ. ಗೆರೆಯ ಮೇಲಿದ್ದೂ ಮಕ್ಕಳಾಗದವರು ಇದ್ದಾರೆ.

ಮನೆಯ ಕಿಟ್

ಕೊರಿಯರಿನಲ್ಲಿ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗುಟ್ಟಿನ ಅಳತೆಯಲ್ಲಿ ಪೂರ್ಣ ಅಂಕ, ಸಮಯದ ಅಳತೆಯಲ್ಲೂ. ಎಣಿಕೆಯ ಅಳತೆಗೆ ಬಂದಾಗ ಮಾತ್ರ ಸೋಲುತ್ತದೆ. ಹೆಚ್ಚಿನ ಕಿಟ್‌ಗಳು ಹೇಳುವುದು ಒಂದೇ ಮಾತು: ಸಾಂದ್ರತೆ ನಿಗದಿತ ಮಟ್ಟದ ಮೇಲೋ ಕೆಳಗೋ. ಕೆಳಗೆ ಎಂದರೆ 10 ಮಿಲಿಯನ್ನೋ, ಸೊನ್ನೆಯೋ ಎಂದು ಹೇಳುವುದಿಲ್ಲ. ಆ ಎರಡಕ್ಕೂ ಹೋಗಬೇಕಾದ ದಾರಿಗಳೇ ಬೇರೆ. ಮೊಬೈಲ್ ಕ್ಯಾಮೆರಾಕ್ಕೆ ಜೋಡಿಸುವ ಕೆಲವು ಕಿಟ್‌ಗಳು ಚಲನೆಯನ್ನೂ ತೋರಿಸುತ್ತವೆ, ಆಕಾರ ಮತ್ತು ಉಳಿದ ವಿವರಗಳನ್ನು ಅಲ್ಲ.

ಯಾರಿಗೆ ಇದು ಆದೀತು? ಲ್ಯಾಬಿನ ಹೆಸರೆತ್ತಿದರೆ ಊಟ ಬಿಟ್ಟು ಏಳುವ ಗಂಡನಿಗೆ. ಕಿಟ್ಟಿನಲ್ಲಿ ಕಡಿಮೆ ಎಂದು ಬಂದ ದಿನ ಅವನೇ ಲ್ಯಾಬಿಗೆ ಹೊರಡುತ್ತಾನೆ. ಅಪಾಯ ಇರುವುದು ಸರಿ ಎಂದು ಬಂದಾಗ: ತನ್ನದೇನೂ ತೊಂದರೆ ಇಲ್ಲ ಎಂದು ಕಿಟ್ಟಿನ ಫೋಟೋವನ್ನು ಹೆಂಡತಿಯ ಮುಖಕ್ಕೆ ಹಿಡಿದು ಕುಳಿತುಬಿಡಬಹುದು. ವರ್ಷ ದಾಟಿಯೂ ಮಕ್ಕಳಾಗದವರಿಗೆ ಕಿಟ್ ಏನೇ ಹೇಳಿದರೂ ಲ್ಯಾಬಿನ ಪರೀಕ್ಷೆ ತಪ್ಪುವುದಿಲ್ಲ. ಹಾಗಿರುವಾಗ ಕೊಟ್ಟ ದುಡ್ಡು ಹೆಚ್ಚುವರಿಯೇ.

ಊರಿನ ಲ್ಯಾಬ್

ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು ಪೇಟೆ, ಎಲ್ಲೆಡೆ ಲ್ಯಾಬುಗಳಿವೆ. ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಾದರೆ ಮನೆಯಲ್ಲೇ ಸಂಗ್ರಹಿಸಿ ಒಯ್ಯಬಹುದು. ಇದೊಂದು ಅನುಕೂಲ ಮಂಗಳೂರಿನ ಯಾವ ದೊಡ್ಡ ಆಸ್ಪತ್ರೆಗೂ ನಮ್ಮ ಮಟ್ಟಿಗೆ ಇಲ್ಲ. ಪೇಟೆಯ ಕೋಣೆಯಲ್ಲಿ ಆಗದು ಎನ್ನುವವರಿಗೆ ಇದು ದೊಡ್ಡ ವಿಷಯ.

ಹೋಗುವ ಮೊದಲು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ಸ್ಯಾಂಪಲನ್ನು ಇಲ್ಲಿಯೇ ನೋಡುತ್ತೀರೋ, ಬೇರೆ ಕಡೆಗೆ ಕಳಿಸುತ್ತೀರೋ? ದೊಡ್ಡ ಹೆಸರಿನ ಫಲಕ ಹಾಕಿದ ಹಲವು ಮಳಿಗೆಗಳು ಬರೇ ಸಂಗ್ರಹ ಕೇಂದ್ರಗಳು. ರಕ್ತವನ್ನು ಸಂಜೆಯ ವಾಹನದಲ್ಲಿ ಮುಖ್ಯ ಲ್ಯಾಬಿಗೆ ಕಳಿಸಿದರೆ ತೊಂದರೆಯಿಲ್ಲ, ವೀರ್ಯವನ್ನು ಕಳಿಸಿದರೆ ಮುಗಿಯಿತು. ಇಲ್ಲಿಯೇ ನೋಡುವುದಾದರೆ ಎಷ್ಟು ಗಂಟೆಯೊಳಗೆ ತರಬೇಕು, ನೋಡುವ ಟೆಕ್ನಿಷಿಯನ್ ಯಾವ ದಿನ ಇರುತ್ತಾರೆ ಎಂದೂ ಕೇಳಿಕೊಳ್ಳಿ. ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದರೆ ಆ ಲ್ಯಾಬ್ ಪರವಾಗಿಲ್ಲ.

ಊರಿನ ಲ್ಯಾಬಿನ ವರದಿ ಎಲ್ಲವೂ ಸರಿ ಎಂದು ಬಂದರೆ, ಹಾಳೆಯ ಮೇಲಿನ ವಿವರಗಳೂ ನಾನು ಮೇಲೆ ಹೇಳಿದಂತೆ ಇದ್ದರೆ, ಸಾಮಾನ್ಯವಾಗಿ ಅದೊಂದೇ ಸಾಕು. ಸರಿಯಿಲ್ಲ ಎಂದು ಬಂದರೆ ಅಲ್ಲಿಯೇ ಮತ್ತೆ ಮತ್ತೆ ಮಾಡಿಸುತ್ತ ಕೂರಬೇಡಿ. ಎರಡನೆಯದನ್ನು ಬೇರೆ ಕಡೆ ಮಾಡಿಸಿ.

ಸರಕಾರಿ ಆಸ್ಪತ್ರೆ

ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾಸ್ಪತ್ರೆ, ಪೆರ್ಲ ಬದಿಯಡ್ಕದ ನಡುವೆ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಹೊರರೋಗಿ ವಿಭಾಗ, ದಕ್ಷಿಣಕ್ಕೆ ಪರಿಯಾರಂ, ಗಡಿ ದಾಟಿದರೆ ಮಂಗಳೂರಿನ ವೆನ್‌ಲಾಕ್. ದುಡ್ಡಿನ ಅಳತೆಯಲ್ಲಿ ಇವನ್ನು ಮೀರಿಸುವುದು ಇಲ್ಲ. ನನಗೆ ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದು: ನಿಮಗೆ ಐವಿಎಫ್ ಮಾಡಿಸಿದರೂ ಬಿಟ್ಟರೂ ಅಲ್ಲಿನ ವೈದ್ಯರ ಸಂಬಳ ಅಷ್ಟೇ. ಅವರು ಬೇಡ ಎಂದರೆ ನಂಬಬಹುದು.

ಕಷ್ಟ ಯಾವುದೆಂದರೆ ಸರದಿ, ಮತ್ತು ತಜ್ಞರು ಇರುವ ದಿನ. ಯುರಾಲಜಿಯ (ಮೂತ್ರಾಂಗ ಮತ್ತು ಗಂಡಸರ ಜನನಾಂಗದ ವಿಭಾಗ) ಒಪಿ ಯಾವ ವಾರ, ಸೆಮೆನ್ ಟೆಸ್ಟ್ ಇದೆಯೇ, ಎಷ್ಟು ಗಂಟೆಯೊಳಗೆ ಕೊಡಬೇಕು ಎಂದು ವಿಚಾರಿಸದೆ ಹೊರಟರೆ ಒಂದು ದಿನ ನಷ್ಟ. ಗಡಿಯ ಈಚೆಗಿನ ಆಸ್ಪತ್ರೆಗಳಲ್ಲಿ ಕೌಂಟರಿನ ವ್ಯವಹಾರ ಮಲಯಾಳದಲ್ಲಿ. ನಮ್ಮವರಲ್ಲಿ ಹೆಚ್ಚಿನವರಿಗೆ ಅದು ತೊಂದರೆಯಲ್ಲ, ಆದರೆ ನಾಲ್ಕು ಜನರ ಮುಂದೆ ಇದನ್ನು ಯಾವ ಭಾಷೆಯಲ್ಲಿ ಹೇಳುವುದೂ ಕಷ್ಟವೇ. ಚೀಟಿಯಲ್ಲಿ ಬರೆದು ಕೊಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಕಾರ್ಡಿನ ಬಗ್ಗೆ ಕೇಳುತ್ತಾರೆ. ಆಯುಷ್ಮಾನ್ ಯೋಜನೆಯಲ್ಲಿ ಹೊರರೋಗಿ ಪರೀಕ್ಷೆ ಬರುವುದಿಲ್ಲ, ಬಂಜೆತನದ ಚಿಕಿತ್ಸೆಯೂ ಹೊರಗೆ. ಗಡಿಯ ಯಾವ ಬದಿಯಲ್ಲಿದ್ದರೂ ಇದು ಕೈಯಿಂದ ಹಾಕುವ ದುಡ್ಡು ಎಂದೇ ಲೆಕ್ಕ ಹಾಕಿ.

ಮಂಗಳೂರು, ದೇರಳಕಟ್ಟೆ, ಮಣಿಪಾಲ

ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ರೈಲಿನಲ್ಲಿ ಗಂಟೆಯ ದಾರಿ. ಮಂಜೇಶ್ವರದವರಿಗೆ ದೇರಳಕಟ್ಟೆ ಇನ್ನೂ ಹತ್ತಿರ. ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜುಗಳ ಲಾಭ, ಒಂದೇ ಆವರಣದಲ್ಲಿ ಲ್ಯಾಬ್, ಯುರಾಲಜಿ, ಹಾರ್ಮೋನಿನ ತಜ್ಞರು ಎಲ್ಲ ಸಿಗುವುದು. ಮಣಿಪಾಲದಲ್ಲಿ ಭ್ರೂಣಶಾಸ್ತ್ರವನ್ನೇ ಸ್ನಾತಕೋತ್ತರ ವಿಷಯವಾಗಿ ಕಲಿಸುತ್ತಾರೆ, ಎಂದ ಮೇಲೆ ಎಣಿಸುವ ಕೈ ಪಳಗಿದ್ದೇ ಇರುತ್ತದೆ. ದೂರವೂ ಅದಕ್ಕೆ ತಕ್ಕಂತೆ ಇಮ್ಮಡಿ ದಾಟುತ್ತದೆ.

ಚಿಕಿತ್ಸೆಯನ್ನು ತೀರ್ಮಾನಿಸುವ ಪರೀಕ್ಷೆಗೆ ನಾನು ಹೆಚ್ಚಿನವರಿಗೆ ಸೂಚಿಸುವುದು ಇದನ್ನೇ. ಕಾರಣ ಲ್ಯಾಬಲ್ಲ, ಯುರಾಲಜಿಸ್ಟ್. ಬೀಜಗಳ ಗಾತ್ರ, ವೀರ್ಯನಾಳ ಇದೆಯೇ ಇಲ್ಲವೇ, ಬೀಜಚೀಲದಲ್ಲಿ ರಕ್ತನಾಳಗಳು ಹಿಗ್ಗಿ ಗಂಟುಗಟ್ಟಿರುವ ವೆರಿಕೋಸೀಲ್ ಇದೆಯೇ, ಇವೆಲ್ಲ ಕೈಗೆ ಸಿಗುವ ವಿಷಯಗಳು. ವೀರ್ಯದ ಯಾವ ವರದಿಯಲ್ಲೂ ಬರುವುದಿಲ್ಲ. ವೆರಿಕೋಸೀಲ್ ಸಾಮಾನ್ಯ ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದ್ದರೆ, ಮಕ್ಕಳಾಗದೆ ಬರುವವರಲ್ಲಿ 35-40 ಮಂದಿಗೆ ಇರುತ್ತದೆ. ಕೈಗೆ ಸಿಗುವಂಥದ್ದಾಗಿದ್ದು ಕೌಂಟ್ ಕೂಡ ಕಡಿಮೆಯಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಸುಧಾರಿಸುವ ಸಾಧ್ಯತೆ ಇದೆ. ಕೈಗೆ ಸಿಗದೆ ಸ್ಕ್ಯಾನಿನಲ್ಲಿ ಮಾತ್ರ ಕಾಣುವುದನ್ನು ಕೊಯ್ದು ಪ್ರಯೋಜನವಿಲ್ಲ. ಆದ್ದರಿಂದ ಮುಟ್ಟಿ ನೋಡದೆ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬರೆದುಕೊಟ್ಟರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಐವಿಎಫ್ ಕೇಂದ್ರ

ಲ್ಯಾಬ್ ಮಟ್ಟಿಗೆ ಹೇಳುವುದಾದರೆ ಒಳ್ಳೆಯ ಐವಿಎಫ್ ಕೇಂದ್ರದ್ದೇ ಎಲ್ಲಕ್ಕಿಂತ ಉತ್ತಮ. ದಿನವೂ ಅದೇ ಕೆಲಸ, ಸಂಗ್ರಹಕ್ಕೆ ಸರಿಯಾದ ಕೋಣೆ, ಪಕ್ಕದಲ್ಲೇ ಸೂಕ್ಷ್ಮದರ್ಶಕ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಬಹುದು, ಬೀಜದಿಂದ ನೇರ ವೀರ್ಯಾಣು ತೆಗೆಯುವವರೆಗಿನ ವ್ಯವಸ್ಥೆ ಒಂದೇ ಕಡೆ. 2021ರ ಕಾಯಿದೆಯ ಪ್ರಕಾರ ಇಂಥ ಪ್ರತಿ ಕೇಂದ್ರವೂ ನೋಂದಾಯಿಸಿರಬೇಕು. ಗರ್ಭಕೋಶಕ್ಕೆ ವೀರ್ಯ ಸೇರಿಸುವ ಐಯುಐ ಮಟ್ಟದ್ದು ಮೊದಲ ಹಂತ, ಐವಿಎಫ್ ಮಾಡುವಂಥದ್ದು ಎರಡನೆಯ ಹಂತ. ನೋಂದಣಿ ಪತ್ರ ಗೋಡೆಯ ಮೇಲೆ ಕಾಣದಿದ್ದರೆ ಕೇಳಿ.

ಇಷ್ಟಿದ್ದೂ ಮೊದಲ ಹೆಜ್ಜೆಯಾಗಿ ಇದನ್ನು ನಾನು ಹೇಳುವುದಿಲ್ಲ. ಉಚಿತ ಶಿಬಿರ ಎಂದು ಕರೆಯುತ್ತಾರೆ, ಕೌಂಟ್ ಸ್ವಲ್ಪ ಕಡಿಮೆ ಎಂದು ಬರುತ್ತದೆ, ಗಂಡನನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ, ಮುಂದಿನ ಮೇಜಿನಲ್ಲಿ ಪ್ಯಾಕೇಜಿನ ಲೆಕ್ಕ ಶುರುವಾಗುತ್ತದೆ. ಒಂದೆರಡು ನೂರಕ್ಕೆ ಆಗಬೇಕಾದ ಮಾತು ಲಕ್ಷಗಳಲ್ಲಿ ಮುಗಿಯುತ್ತದೆ. ಎಲ್ಲ ಕೇಂದ್ರಗಳೂ ಹೀಗೆ ಎನ್ನುತ್ತಿಲ್ಲ. ಅಂಗಡಿಯಲ್ಲಿ ಕುಳಿತವರಿಗೆ ತಮ್ಮ ಸರಕೇ ಮೊದಲು ನೆನಪಾಗುವುದು ಸಹಜ ಎನ್ನುತ್ತಿದ್ದೇನೆ. ಅವರ ಲ್ಯಾಬನ್ನು ಬಳಸಿಕೊಳ್ಳಿ, ವರದಿಯನ್ನು ಮುದ್ರಿಸಿ ಕೇಳಿ ಪಡೆಯಿರಿ, ಮುಂಗಡ ಕೊಡುವ ಮೊದಲು ಹೊರಗಿನ ಯುರಾಲಜಿಸ್ಟ್ ಒಬ್ಬರಿಗೆ ತೋರಿಸಿ.

ಮೊದಲ ದಿನವೇ ಬೇಡದ ಪರೀಕ್ಷೆಗಳೂ ಇವೆ. ವೀರ್ಯಾಣುವಿನೊಳಗಿನ ಡಿಎನ್ಎ ತುಂಡಾಗಿದೆಯೇ ಎಂದು ನೋಡುವ ಡಿಎನ್ಎ ಫ್ರಾಗ್ಮೆಂಟೇಶನ್ ಪರೀಕ್ಷೆಗೆ ಸಾವಿರಗಳಲ್ಲಿ ಖರ್ಚು. ಮತ್ತೆ ಮತ್ತೆ ಗರ್ಭಪಾತವಾದವರಲ್ಲಿ ಅದಕ್ಕೆ ಅರ್ಥವಿದೆ, ಎಲ್ಲರಿಗೂ ಆರಂಭದಲ್ಲೇ ಮಾಡಬೇಕಾದದ್ದಲ್ಲ. ಬದಲಿಗೆ ಕೌಂಟ್ ತೀರಾ ಕಡಿಮೆಯಿದ್ದಾಗ ಎಫ್ಎಸ್ಎಚ್ (ವೀರ್ಯಾಣು ಉತ್ಪಾದನೆಗೆ ಬೀಜಗಳನ್ನು ಪ್ರಚೋದಿಸುವ ಹಾರ್ಮೋನು) ಮತ್ತು ಬೆಳಗಿನ ಹೊತ್ತಿನ ಟೆಸ್ಟೋಸ್ಟೆರಾನ್ ರಕ್ತಪರೀಕ್ಷೆಗಳು ನಿಜಕ್ಕೂ ದಾರಿ ತೋರಿಸುತ್ತವೆ. 5 ಮಿಲಿಯನ್‌ಗಿಂತ ಕೆಳಗಿದ್ದರೆ ಅಥವಾ ಸೊನ್ನೆಯಿದ್ದರೆ ಕ್ರೋಮೋಸೋಮಿನ ಪರೀಕ್ಷೆಗಳ ಬಗ್ಗೆಯೂ ವೈದ್ಯರು ಮಾತಾಡುತ್ತಾರೆ. ಆ್ಯಂಟಿಆಕ್ಸಿಡೆಂಟ್ ಮಾತ್ರೆಯ ಪಟ್ಟಿಗಳಿಗೆ ಬಲವಾದ ಆಧಾರ ಇಲ್ಲ.

ಕಾರಣ ಹುಡುಕುವ ಚಟ

ಪರೀಕ್ಷೆ ಹೇಳುವುದು ಎಷ್ಟಿದೆ, ಹೇಗಿದೆ ಎಂಬುದನ್ನು. ಯಾಕೆ ಎಂಬುದನ್ನಲ್ಲ. ಎಣ್ಮಕಜೆಯ ಕಡೆಯವರು ಎಂಡೋಸಲ್ಫಾನ್ ಕೀಟನಾಶಕವೇ ಕಾರಣವೇ ಎಂದು ಕೇಳುತ್ತಾರೆ, ಕೇಳಲು ಅವರಿಗೆ ಎಲ್ಲ ಕಾರಣವೂ ಇದೆ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು 2000ದವರೆಗೆ ಸುರಿದರು. ಪಡ್ರೆಯ ಶಾಲಾ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾದದ್ದನ್ನೂ ಹಾರ್ಮೋನಿನ ವ್ಯತ್ಯಾಸವನ್ನೂ ದಾಖಲಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಆದರೆ ಆ ಅಧ್ಯಯನ ವೀರ್ಯವನ್ನು ಅಳೆದದ್ದಲ್ಲ, ಇಂದು ನಿಮ್ಮ ಕೌಂಟ್ ಕಡಿಮೆಯಾದದ್ದು ಅದರಿಂದಲೇ ಎಂದು ಯಾವ ಲ್ಯಾಬೂ ಬರೆದುಕೊಡಲಾರದು. ವೈದ್ಯರಿಗೆ ನಿಮ್ಮ ಊರು ಯಾವುದೆಂದು ಹೇಳಿ. ಆಮೇಲೆ ಈಗ ಸರಿಪಡಿಸಬಹುದಾದುದರ ಬೆನ್ನು ಹತ್ತಿ.

ಸರಿಪಡಿಸಬಹುದಾದ ಪಟ್ಟಿಯಲ್ಲಿ ಮೊದಲು ಬರುವುದು ಜಿಮ್ಮಿನ ಇಂಜೆಕ್ಷನ್. ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿಸಿಕೊಂಡರೆ ಬೀಜಗಳು ತಮ್ಮ ಕೆಲಸ ನಿಲ್ಲಿಸುತ್ತವೆ. ಮೈ ಉಬ್ಬುತ್ತದೆ, ಕೌಂಟ್ ಸೊನ್ನೆಗೆ ಇಳಿಯಬಹುದು. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಮರಳುತ್ತದೆ, ಆದರೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ಮೀರುತ್ತದೆ. ಬೀಡಿ ಸಿಗರೇಟು, ಬಿಸಿಯ ಜಾಗದ ಕೆಲಸ, ಕರುಳಿನ ಕಾಯಿಲೆಗೆ ಕೊಡುವ ಸಲ್ಫಸಲಜೀನ್‌ನಂಥ ಕೆಲವು ಮಾತ್ರೆಗಳು ಇವನ್ನೂ ಹೇಳಿಬಿಡಬೇಕು. ಜೋರು ಜ್ವರ ಬಂದು ಹೋಗಿದ್ದರೆ ಸುಮಾರು ಮೂರು ತಿಂಗಳು ಕಾಯಿರಿ. ಒಂದು ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳು ಬೇಕು, ಜ್ವರದ ಪೆಟ್ಟು ವರದಿಯಲ್ಲಿ ಕಾಣುವುದು ತಡವಾಗಿ.

ನಾಗನಿಗೆ ಆಶ್ಲೇಷಾ ಬಲಿ ಮಾಡಿಸಬೇಕು ಎಂದು ಜೋಯಿಸರು ಹೇಳಿದ್ದರೆ ಮಾಡಿಸಿ, ನನ್ನ ಅಡ್ಡಿಯಿಲ್ಲ. ಅದಕ್ಕೆಂದು ತೆಗೆದ ರಜೆಯಲ್ಲೇ ಲ್ಯಾಬಿಗೂ ಹೋಗಿಬನ್ನಿ. ಒಂದು ಮುಗಿದು ಫಲ ನೋಡಿದ ಮೇಲೆ ಇನ್ನೊಂದು ಎಂದು ಕೂತರೆ ಹೆಂಡತಿಯ ಪ್ರಾಯ ಕಾಯುವುದಿಲ್ಲ.

ನಿಮ್ಮದು ಯಾವ ಲೆಕ್ಕ

ಮದುವೆಯಾಗಿ ವರ್ಷ ತುಂಬಿಲ್ಲ, ಹೆಂಡತಿಗೆ 35ರೊಳಗೆ, ಇಬ್ಬರಿಗೂ ಹಿಂದಿನ ಕಾಯಿಲೆಯಿಲ್ಲ ಎಂದರೆ ಪರೀಕ್ಷೆಯ ಅವಸರವೇ ಇಲ್ಲ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೊರಡಿ. ಗಂಡನಿಗೆ ಚಿಕ್ಕಂದಿನಲ್ಲಿ ಬೀಜ ಇಳಿಯದೆ ಆಪರೇಷನ್ ಆಗಿದ್ದರೆ, ಪ್ರಾಯ ಬಂದ ಮೇಲೆ ಮಂಗನಬಾವು ಆಗಿ ಬೀಜ ಊದಿದ್ದರೆ, ಕ್ಯಾನ್ಸರಿನ ಚಿಕಿತ್ಸೆ ಆಗಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ.

ಕೈಯಲ್ಲಿ ದುಡ್ಡು ಬಿಗಿ ಇರುವವರು ಊರಿನ ಒಳ್ಳೆಯ ಲ್ಯಾಬಿನಲ್ಲಿ ಮೊದಲ ಪರೀಕ್ಷೆ ಮಾಡಿಸಿ, ವರದಿಯನ್ನು ಸರಕಾರಿ ಆಸ್ಪತ್ರೆಯ ಯುರಾಲಜಿ ಒಪಿಗೆ ಒಯ್ಯಿರಿ. ಎರಡನೆಯ ಪರೀಕ್ಷೆಗೆ ಮಾತ್ರ ಮಂಗಳೂರಿನ ಖರ್ಚು ಹಾಕಿ. ದುಡ್ಡಿಗಿಂತ ಗುಟ್ಟು ಮುಖ್ಯ ಎನ್ನುವವರು ಮೊದಲ ಸಲವೇ ದೇರಳಕಟ್ಟೆಗೋ ಮಂಗಳೂರಿಗೋ ಹೋಗಿ ಅಲ್ಲಿಯೇ ಸಂಗ್ರಹಿಸಿ ಕೊಡಿ.

ಗಲ್ಫಿನಲ್ಲಿರುವವರ ಲೆಕ್ಕ ಬೇರೆ. ಮದುವೆಯಾಗಿ ಮೂರು ವರ್ಷವಾಗಿದ್ದರೂ ಜೊತೆಯಲ್ಲಿದ್ದದ್ದು ಎರಡು ರಜೆ ಮಾತ್ರ ಎಂದರೆ ಆ ಹನ್ನೆರಡು ತಿಂಗಳು ಇನ್ನೂ ಮುಗಿದಿಲ್ಲ. ಅತ್ತೆಯವರಿಗೆ ಇದನ್ನು ಮಗನೇ ಹೇಳಬೇಕು, ಸೊಸೆ ಹೇಳಿದರೆ ನಡೆಯುವುದಿಲ್ಲ. ಒಂದು ತಿಂಗಳ ರಜೆಯಲ್ಲಿ ತಿಂಗಳ ಅಂತರದ ಎರಡು ಪರೀಕ್ಷೆ ಹಿಡಿಸುವುದಿಲ್ಲ. ಮೊದಲನೆಯದನ್ನು ಹೊರಡುವ ಮೊದಲು ಅಲ್ಲಿಯೇ ಮಾಡಿಸಿ ವರದಿ ತನ್ನಿ, ಎರಡನೆಯದನ್ನು ಇಲ್ಲಿ. ಬಹಳ ದಿನ ಸ್ಖಲನವಿಲ್ಲದೆ ಇದ್ದು ಬಂದಿಳಿದ ಮರುದಿನ ಕೊಟ್ಟರೆ ಸಂಖ್ಯೆ ಹೆಚ್ಚಾಗಿಯೂ ಚಲನೆ ಕಡಿಮೆಯಾಗಿಯೂ ಕಾಣುತ್ತದೆ. ಅದಕ್ಕೂ 2ರಿಂದ 7 ದಿನದ ನಿಯಮವನ್ನೇ ಪಾಲಿಸಿ. ಮುಂದೆ ಐಯುಐ, ಐವಿಎಫ್ ಬೇಕಾಗಬಹುದು ಎಂದು ವೈದ್ಯರು ಹೇಳಿದ್ದರೆ ವಿಮಾನ ಹತ್ತುವ ಮೊದಲು ನೋಂದಾಯಿತ ಕೇಂದ್ರದಲ್ಲಿ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಬಗ್ಗೆ ವಿಚಾರಿಸಿ. ಈ ಒಂದು ಕಾರಣಕ್ಕೆ ಗಲ್ಫಿನವರು ಐವಿಎಫ್ ಕೇಂದ್ರಕ್ಕೆ ಬೇಗ ಹೋಗುವುದನ್ನು ನಾನು ತಪ್ಪೆನ್ನುವುದಿಲ್ಲ.

ಇನ್ನು ಉಳಿದವರು ವರದಿಯಲ್ಲಿ ಸೊನ್ನೆ ಬಂದವರು. ಎಲ್ಲ ಗಂಡಸರಲ್ಲಿ ನೂರಕ್ಕೆ ಒಬ್ಬನಿಗೆ, ಮಕ್ಕಳಾಗದೆ ಬರುವವರಲ್ಲಿ 10ರಿಂದ 15 ಮಂದಿಗೆ ಹೀಗೆ ಬರುತ್ತದೆ. ನೀವು ಊರಿನ ಲ್ಯಾಬಿಗೂ ಕಿಟ್ಟಿಗೂ ಮರಳಬೇಡಿ, ನೇರ ವೈದ್ಯಕೀಯ ಕಾಲೇಜಿನ ಯುರಾಲಜಿಗೆ ಹೋಗಿ. ಮರುಪರೀಕ್ಷೆಯಲ್ಲಿ ಸ್ಯಾಂಪಲನ್ನು ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕುಳಿತದ್ದನ್ನೂ ನೋಡಬೇಕು, ಅಲ್ಲಿ ಕೆಲವು ಸಿಕ್ಕಿದರೂ ಕಥೆ ಬದಲಾಗುತ್ತದೆ. ಪ್ರಮಾಣ ಬಹಳ ಕಡಿಮೆಯಿದ್ದು ಹುಳಿ ಗುಣ ತೋರಿದರೆ ದಾರಿಯಲ್ಲಿ ತಡೆ ಇರಬಹುದು, ವೀರ್ಯನಾಳವೇ ಹುಟ್ಟಿನಿಂದ ಇಲ್ಲದಿರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದೂ ಉಂಟು, ಅದನ್ನು ಆಮೇಲಿನ ಮೂತ್ರದಲ್ಲಿ ಹುಡುಕುತ್ತಾರೆ. ತಡೆಯಿಂದಾದ ಸೊನ್ನೆಯಲ್ಲಿ ಬೀಜದೊಳಗೆ ಉತ್ಪಾದನೆ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಉತ್ಪಾದನೆಯೇ ಕುಸಿದವರಲ್ಲೂ ಸೂಕ್ಷ್ಮದರ್ಶಕದಡಿ ಶಸ್ತ್ರಚಿಕಿತ್ಸೆ ಮಾಡಿ ಹುಡುಕಿದಾಗ ಕೆಲವರಿಗೆ ಸಿಗುತ್ತದೆ. ಹೋಗುವಾಗ ಹಳೆಯ ವರದಿಗಳ ಜೊತೆ ಚಿಕ್ಕಂದಿನ ಹರ್ನಿಯಾ ಆಪರೇಷನ್ನಿನ ಚೀಟಿ ಮನೆಯಲ್ಲಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಅಮ್ಮನಲ್ಲಿ ಕೇಳಿ, ಆಪರೇಷನ್ ಆದದ್ದು ಯಾವ ಬದಿಗೆ ಎಂಬುದಾದರೂ ಅವರಿಗೆ ನೆನಪಿರುತ್ತದೆ.